ಹಿತ್ತಾಳೆ ಫಲಕ, ಹಿತ್ತಿಲ ಬಾಗಿಲು

ಯಾವುದನ್ನೇ ಕೊಳ್ಳುವ ಮೊದಲು ಮಗುಚಿ ಅಡಿಯನ್ನು ನೋಡಬೇಕು. ಪಾತ್ರೆಯಾದರೆ ತಳ, ಬದನೆಕಾಯಿಯಾದರೆ ತೊಟ್ಟಿನ ಕೆಳಗೆ, ಮಳಿಗೆಯಾದರೆ ನೀರು ಹೋಗುವ ದಾರಿ. ಮೇಲ್ಭಾಗವನ್ನು ಮಾರುವವನು ಒರೆಸಿಯೇ ಇಟ್ಟಿರುತ್ತಾನೆ. ಅಡಿಯನ್ನು ಒರೆಸುವ ತಾಳ್ಮೆ ಯಾರಿಗೂ ಇರುವುದಿಲ್ಲ. ಈಗಿನ ಹುಡುಗಿಯರಿಗೆ ಇದನ್ನು ಹೇಳಿದರೆ, ಎಲ್ಲದರ ಬೆಲೆಯೂ ಚೀಟಿಯ ಮೇಲೆ ಅಚ್ಚಾಗಿರುತ್ತದಲ್ಲ ಎನ್ನುತ್ತಾರೆ. ಅಚ್ಚಾಗಿದ್ದರೆ ಏನಾಯಿತು? ಅಚ್ಚು ಹಾಕಿಸಿದವನೂ ಮನುಷ್ಯನೇ. ಕಡಿಮೆಗೆ ಕೇಳಿ ನೋಡಿ.

ಆ ಹಿತ್ತಾಳೆ ಫಲಕವನ್ನು ನಾನು ಮೊದಲು ಕಂಡದ್ದೂ ಒಂದು ವ್ಯಾಪಾರಕ್ಕೆ ಹೋದಾಗಲೇ. ಎಪ್ಪತ್ತರ ದಶಕದ ನಡುವಿನ ವರ್ಷಗಳು. ದೆಹಲಿಯ ಕನಾಟ್ ಪ್ಲೇಸಿನಲ್ಲಿ ಹಗಲು ಹೊತ್ತಿನಲ್ಲೂ ಪರದೆ ಎಳೆದು ಮೇಣದಬತ್ತಿ ಹಚ್ಚುವ ರೆಸ್ಟೋರೆಂಟುಗಳಿದ್ದವು. ಗಂಡಸರು ಟೈ ಕಟ್ಟಿಕೊಂಡು ಹೋಗುತ್ತಿದ್ದರು. ಮೂಲೆಯಲ್ಲೊಬ್ಬ ಪಿಯಾನೋ ನುಡಿಸುತ್ತಿದ್ದ. ಸೂಪು ಬಂದು ಎಷ್ಟೋ ಹೊತ್ತಾದ ಮೇಲೆ ಊಟ ಬರುತ್ತಿತ್ತು, ಅದಕ್ಕೆ ಯಾರೂ ಬೈಯುತ್ತಲೂ ಇರಲಿಲ್ಲ. ಅಂಥದೊಂದು ರೆಸ್ಟೋರೆಂಟು ಬಾಗಿಲು ಹಾಕುತ್ತಿದೆ, ಸಾಮಾನೆಲ್ಲ ಮಾರುತ್ತಾರಂತೆ ಎಂದು ನಮ್ಮ ಹೋಟೆಲಿಗೆ ಐಸು ಹಾಕುವ ಭಯ್ಯಾ ಸುದ್ದಿ ತಂದ. ಮಧ್ಯಾಹ್ನದ ಊಟದ ಗದ್ದಲ ಮುಗಿದದ್ದೇ ನಾನು ಸ್ಕೂಟರ್ ರಿಕ್ಷಾ ಹಿಡಿದು ಹೋದೆ.

ಪಿಯಾನೋ ಆಗಲೇ ಹೋಗಿತ್ತು. ಬಿಳಿ ಪಿಂಗಾಣಿ ತಟ್ಟೆಗಳಿದ್ದವು, ದಪ್ಪ ನೂಲಿನ ಬಿಳಿ ಮೇಜುಬಟ್ಟೆಗಳಿದ್ದವು. ತಟ್ಟೆ ಮಗುಚಿ ನೋಡಿದೆ. ಒಂದೊಂದರ ಅಡಿಯಲ್ಲೂ ಆ ರೆಸ್ಟೋರೆಂಟಿನ ಗುರುತು, ನೀಲಿ ಬಣ್ಣದ ಒಂದು ನವಿಲು. ಬೇರೆಯವರ ನವಿಲನ್ನು ಕಟ್ಟಿಕೊಂಡು ನಾನೇನು ಮಾಡಲಿ, ನನ್ನನ್ನು ಬಿಟ್ಟರೆ ಇದನ್ನು ಯಾರು ಕೊಂಡಾರು ಎಂದು ಮ್ಯಾನೇಜರಿಗೆ ನಿಧಾನವಾಗಿ ತಿಳಿಹೇಳಿದೆ. ನಾನು ಹೇಳಿದ ಬೆಲೆಗೆ ಅವರು ಬರುವಷ್ಟರಲ್ಲಿ ಗೋಡೆಯ ಮೇಲಿನ ಫಲಕ ಕಣ್ಣಿಗೆ ಬಿತ್ತು. ಎರಡು ಅಂಗೈಯಷ್ಟು ಅಗಲ, ಹಿತ್ತಾಳೆ, ಮೇಲೆ ಇಂಗ್ಲಿಷ್ ಅಕ್ಷರ. ಏನೆಂದು ಕೇಳಿದೆ. ನಗರದ ಒಂದು ಇಂಗ್ಲಿಷ್ ಪತ್ರಿಕೆ ಪ್ರತಿ ಚಳಿಗಾಲ ಒಳ್ಳೆಯ ಊಟದ ಮನೆಗಳನ್ನು ಆರಿಸಿ ಇದನ್ನು ಕೊಡುತ್ತದೆ, ಇದು ಸಿಗದೆ ಎಷ್ಟೋ ಮಾಲೀಕರು ನಿದ್ದೆಗೆಟ್ಟಿದ್ದಾರೆ ಎಂದರು. ಅದಕ್ಕೆ ಎಷ್ಟು ಎಂದೆ.

ಮ್ಯಾನೇಜರು ಕನ್ನಡಕ ತೆಗೆದು ನಕ್ಕರು. “ಇದು ಮಾರುವ ಸಾಮಾನಲ್ಲ, ಬೆಹನ್‌ಜೀ. ಕೊಳ್ಳುವ ಸಾಮಾನೂ ಅಲ್ಲ.”

ದೆಹಲಿಯಲ್ಲಿ ಅದುವರೆಗೆ ಯಾರೂ ನನಗೆ ಹೇಳಿರದ ಮಾತು ಅದು.

ನಮ್ಮ ಹೋಟೆಲು ಇದ್ದದ್ದು ಸರೋಜಿನಿ ನಗರದ ಮಾರ್ಕೆಟ್ಟಿನ ಹಿಂದಿನ ಸಾಲಿನಲ್ಲಿ. ಯಜಮಾನರು ಕುಂದಾಪುರದ ಕಡೆಯ ಅಡಿಗೆಯವರ ಮನೆತನದವರು. ಕರೋಲ್ ಬಾಗಿನಲ್ಲಿ ಬೇರೆಯವರ ಒಲೆಯ ಮುಂದೆ ಬಹಳ ವರ್ಷ ನಿಂತು, ಆಮೇಲೆ ಈ ಮಳಿಗೆ ಹಿಡಿದರು. ಅಡಿಗೆ ಅವರದು, ಗಲ್ಲಾ ನನ್ನದು. ಗಲ್ಲಾದಲ್ಲಿ ಹೆಂಗಸು ಕೂರುವುದು ಆಗ ಅಪರೂಪವೇ. ಸುಧಾರಣೆಗೆಂದು ಯಾರೂ ನನ್ನನ್ನು ಅಲ್ಲಿ ಕೂರಿಸಲಿಲ್ಲ. ಇವರನ್ನು ತರಕಾರಿಗೆ ಕಳಿಸಿದರೆ ಐಎನ್‌ಎ ಮಾರ್ಕೆಟ್ಟಿನ ಭಯ್ಯಾ ನುಗ್ಗೆಕಾಯಿಗೆ ಕೇಳಿದಷ್ಟು ಕೊಟ್ಟು, ಮೇಲೆ ಅವನ ಮಕ್ಕಳ ಕ್ಷೇಮ ವಿಚಾರಿಸಿಕೊಂಡು ಬರುತ್ತಿದ್ದರು. ಅಂಥವರನ್ನು ಒಲೆಯ ಹತ್ತಿರ ಇಡುವುದೇ ಕ್ಷೇಮ.

ಆದರೆ ಆ ಒಲೆಯೇ ಅವರನ್ನು ತಿನ್ನುತ್ತಿತ್ತು. ಗ್ಯಾಸು ಸುಲಭಕ್ಕೆ ಸಿಗುತ್ತಿರಲಿಲ್ಲ, ನಮ್ಮದೆಲ್ಲ ಕಲ್ಲಿದ್ದಲು. ಅಡಿಗೆಮನೆಗೆ ಕಿಟಕಿಯಿಲ್ಲ. ಇದ್ದದ್ದು ಒಂದೇ ಹಿತ್ತಿಲ ಬಾಗಿಲು, ಅದು ತೆರೆಯುತ್ತಿದ್ದದ್ದು ಪಕ್ಕದ ಮೂಲೆ ಅಂಗಡಿಯ ಅಂಗಳಕ್ಕೆ. ಆ ಬಾಗಿಲು ತೆರೆದಿದ್ದಷ್ಟು ಹೊತ್ತು ಹೊಗೆ ಹೊರಗೆ ಹೋಗುತ್ತಿತ್ತು, ಇವರು ಉಸಿರಾಡುತ್ತಿದ್ದರು. ಚಳಿಯಲ್ಲಿ ಅದನ್ನು ಒಂದು ಗಳಿಗೆ ಮುಚ್ಚಿದರೂ ಸಾಕು, ಕೆಮ್ಮು ಗಲ್ಲಾದವರೆಗೆ ಕೇಳುತ್ತಿತ್ತು. ನಮ್ಮ ಮಳಿಗೆ, ಮೂಲೆ ಅಂಗಡಿ, ಅಂಗಳ ಮೂರಕ್ಕೂ ಒಬ್ಬರೇ ಒಡತಿ. ವಿಭಜನೆಯ ಕಾಲದಲ್ಲಿ ಲಾಹೋರಿನ ಕಡೆಯಿಂದ ಉಟ್ಟ ಬಟ್ಟೆಯಲ್ಲಿ ಬಂದ ಪಂಜಾಬಿ ವಿಧವೆ. ಇಡೀ ಮಾರ್ಕೆಟ್ಟಿಗೆ ಅವರು ಬೀಜಿ, ಅಂದರೆ ಅಮ್ಮ. ಅಂಗಳ ಮೂಲೆ ಅಂಗಡಿಗೆ ಸೇರಿದ್ದು. ನಮ್ಮ ಬಾಗಿಲು ಅತ್ತ ತೆರೆಯುವುದಕ್ಕೆ ಯಾವ ಹಕ್ಕೂ ನಮಗಿರಲಿಲ್ಲ. ಮೂಲೆಯಲ್ಲಿದ್ದ ಬಟ್ಟೆ ಅಂಗಡಿಯವನು ಸಾಧು, ಏನೂ ಅನ್ನುತ್ತಿರಲಿಲ್ಲ, ಅಷ್ಟೆ.

ಆ ಸಾಧು ಅಂಗಡಿ ಬಿಟ್ಟು ಲುಧಿಯಾನಕ್ಕೆ ಹೊರಟ. ಮಿಠಾಯಿಯವನೊಬ್ಬ ಬೀಜಿಯ ಹಿಂದೆ ಬಿದ್ದ. ಅವನು ಬಂದರೆ ಅಂಗಳಕ್ಕೆ ತಗಡು ಹೊದಿಸಿ ಕಡಾಯಿಗಳನ್ನು ಹೂಡುತ್ತಾನೆ, ನಮ್ಮ ಬಾಗಿಲಿಗೆ ಇಟ್ಟಿಗೆ ಕಟ್ಟಿಸುತ್ತಾನೆ. ನಾನು ಲೆಕ್ಕ ಹಾಕಿದೆ: ಮೂಲೆಯನ್ನು ನಾವೇ ಹಿಡಿದರೆ ಅಂಗಳವೂ ನಮ್ಮದು, ಬಾಗಿಲೂ ನಮ್ಮದು. ಬೀಜಿಯ ಹತ್ತಿರ ಹೋದೆ. ಬಾಗಿಲಿನ ಮಾತನ್ನು ಮಾತ್ರ ಎತ್ತಲಿಲ್ಲ. ನಿಮಗೆ ಯಾವುದು ಬೇಕೇಬೇಕು ಎಂಬುದು ಮಾರುವವರಿಗೆ ತಿಳಿದರೆ ಬೆಲೆ ಅಲ್ಲೇ ಏರುತ್ತದೆ. ಸೀರೆ ಅಂಗಡಿಯಲ್ಲಿ ಬೇಕಾದ ಸೀರೆಯನ್ನು ಕೊನೆಗೆ ಮುಟ್ಟಬೇಕು. ಆದ್ದರಿಂದ ಹೋಟೆಲು ದೊಡ್ಡದು ಮಾಡುತ್ತೇನೆ, ಮುಂದಿನ ರಸ್ತೆಗೆ ಬೋರ್ಡು ಕಾಣಬೇಕು ಎಂದೆಲ್ಲ ಹೇಳಿದೆ.

ಬೀಜಿ ಮಂಚದ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದರು. ನಿಮ್ಮ ಇಡ್ಲಿ ಜ್ವರ ಬಂದವರ ಊಟ, ಮೂಲೆಗೆ ಅದು ಒಪ್ಪುವುದಿಲ್ಲ ಎಂದರು. ಅವರ ತಮ್ಮನ ಮಗ ಒಮ್ಮೆ ಅವರನ್ನು ಕನಾಟ್ ಪ್ಲೇಸಿನ ದೊಡ್ಡ ರೆಸ್ಟೋರೆಂಟಿಗೆ ಕರೆದುಕೊಂಡು ಹೋಗಿದ್ದನಂತೆ. ಗೋಡೆಯ ಮೇಲೆ ಹಿತ್ತಾಳೆಯ ಫಲಕವಿತ್ತಂತೆ. ಮೂಲೆ ಅಂಗಡಿ ಎಂದರೆ ಮನೆಯ ಮುಖ, ಅದಕ್ಕೆ ಒಂದು ಸ್ಟ್ಯಾಂಡರ್ಡ್ ಬೇಕು ಎಂದರು. ನಾನು ಜಗ್ಗಿದೆ, ಅವರು ಜಗ್ಗಿದರು. ಬಟಾಣಿ ಮುಗಿಯಿತು. ಕೊನೆಗೆ ಒಂದು ಮಾತಿಗೆ ನಿಂತೆವು: ಹೋಳಿಯವರೆಗೆ ಬೀಜಿ ಮಿಠಾಯಿಯವನಿಗೆ ಹೂಂ ಅನ್ನುವುದಿಲ್ಲ. ಅಷ್ಟರೊಳಗೆ ಆ ಫಲಕ ನಮಗೆ ಬಂದರೆ ಮೂಲೆ ನಮ್ಮದು.

ಹೀಗೆ ನುಗ್ಗೆಕಾಯಿ ಸಾಂಬಾರಿನ ಹೋಟೆಲು ಮೇಣದಬತ್ತಿಯವರ ಪಂದ್ಯಕ್ಕೆ ಇಳಿಯಿತು.

ಪತ್ರಿಕೆಗೆ ಅರ್ಜಿ ಬರೆದುಕೊಟ್ಟವರು ನಮ್ಮಲ್ಲಿ ದಿನಾ ಊಟ ಮಾಡುತ್ತಿದ್ದ ಧಾರವಾಡದ ಗುಮಾಸ್ತರು. ಕೇಂದ್ರ ಸರಕಾರದ ಕಚೇರಿಯಲ್ಲಿ ಕೆಲಸ, ಮದುವೆಯಿಲ್ಲ, ಮಾತಿಗೆ ಬರವಿಲ್ಲ. ಅವರೇ ವಿಚಾರಿಸಿ ತಿಳಿಸಿದರು: ಪತ್ರಿಕೆಯ ಮನುಷ್ಯ ಹೇಳದೆ ಬರುತ್ತಾನೆ, ಎಲ್ಲರಂತೆ ಉಂಡು, ದುಡ್ಡು ಕೊಟ್ಟು ಹೋಗುತ್ತಾನೆ, ಹೆಸರು ಹೇಳುವುದಿಲ್ಲ. ಸರಿ, ಯಾವ ದಿನ ಬಂದರೂ ಅವನಿಗೊಂದು ಜಾಗ ತಯಾರಿರಲಿ ಎಂದು ನಾನು ಬೀದಿ ಕಡೆಯ ಮೇಜಿಗೆ ಬಿಳಿ ಬಟ್ಟೆ ಹಾಸಿಸಿದೆ, ನವಿಲಿನ ತಟ್ಟೆ ಇಡಿಸಿದೆ, ಕರವಸ್ತ್ರವನ್ನು ಹೂವಿನ ಹಾಗೆ ಮಡಚಿ ಗಾಜಿನ ಲೋಟದಲ್ಲಿ ನಿಲ್ಲಿಸಿದೆ. ಗಲ್ಲಾದ ಹಿಂದೆ ಫಲಕಕ್ಕೆಂದು ಒಂದು ಮೊಳೆಯನ್ನೂ ಹೊಡೆಸಿದೆ.

ನಮ್ಮ ಕಡೆಯ ಹೋಟೆಲುಗಳ ಪದ್ಧತಿ ನಿಮಗೆ ಗೊತ್ತೇ ಇದೆ. ಮೇಜಿಗೆ ನಾಲ್ಕು ಕುರ್ಚಿಯಿದ್ದರೆ ನಾಲ್ಕೂ ತುಂಬಬೇಕು. ಒಬ್ಬ ದೋಸೆ ತಿನ್ನುತ್ತಿದ್ದರೆ ಎದುರಿಗೆ ಗುರುತು ಪರಿಚಯವಿಲ್ಲದವನು ಬಂದು ಕೂತು ಸಾರನ್ನ ಕಲಸುತ್ತಾನೆ. ಅಪ್ಪಣೆ ಕೇಳುವುದಿಲ್ಲ, ಸ್ವಲ್ಪ ಸರಿಯಿರಿ ಎನ್ನುತ್ತಾನೆ, ಅವನು ಸರಿಯುತ್ತಾನೆ. ಹಾಗಿರುವಾಗ ಊಟದ ಹೊತ್ತಿನಲ್ಲಿ ಒಂದು ಮೇಜು ಬಿಳಿ ಬಟ್ಟೆ ಹೊದ್ದು ಸುಮ್ಮನೆ ಕೂತಿತ್ತು, ಅದರ ಸುತ್ತ ಕಚೇರಿಯ ಜನ ಜಾಗಕ್ಕೆ ಕಾಯುತ್ತ ನಿಂತಿದ್ದರು. ಯಜಮಾನರು ಅಡಿಗೆಮನೆಯಿಂದ ಇಣುಕಿ ನೋಡಿ, ಹಸಿದವರ ಎದುರು ಖಾಲಿ ತಟ್ಟೆ ಇಟ್ಟುಕೊಂಡು ಕೂರುವುದು ಎಂತದು ಎಂದಷ್ಟೇ ಹೇಳಿ ಒಳಗೆ ಹೋದರು.

ಗುಮಾಸ್ತರು ಬಿಡಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಕೇಳಿದರು: “ಏನ್ರೀ ಅಕ್ಕಾರ, ಯಾರ ಹಿರೇರಿಗೆ ಎಡಿ ಇಟ್ಟೀರಿ? ಕಾಗಿ ಬಂತೇನು?”

ತಿಥಿಯ ದಿನ ಹಿರಿಯರಿಗೆ ಎಡೆ ಇಟ್ಟು ಕಾಗೆಗೆ ಕಾಯುವ ಹಾಗೆಯೇ ಇತ್ತು ನೋಡಿ, ನಾನೂ ನಗಬೇಕಾಯಿತು. ಅಂದಿನಿಂದ ದಿನಾ ಅದೇ ವಿಚಾರಣೆ. ಬಾಗಿಲಲ್ಲಿ ಕಾಲಿಡುವ ಮೊದಲೇ, ಕಾಗಿ ಬಂತೇನು? ಸೆಕ್ರೆಟೇರಿಯಟ್ಟಿನ ಮದರಾಸಿಗಳಿಗೂ ಆ ಮಾತು ಬಾಯಿಪಾಠವಾಯಿತು.

ಕಾಗೆ ಬಂದದ್ದು ಜನವರಿಯ ಒಂದು ಮಧ್ಯಾಹ್ನ. ಮಂಜು ಆಗಷ್ಟೇ ಕರಗಿತ್ತು. ಉಣ್ಣೆಯ ಕೋಟು ಹಾಕಿದ, ತಲೆ ಬೆಳ್ಳಗಾದ, ದಪ್ಪ ಆಳು. ಒಬ್ಬರೇ ಬಂದರು, ಬೋರ್ಡು ಓದಿದರು, ಬಿಳಿ ಮೇಜಿನ ಕಡೆಗೆ ನಾನು ಕೈ ತೋರಿಸಿದಾಗ ಒಂದು ಕ್ಷಣ ನಿಂತು ಆಮೇಲೆ ಕೂತರು. ಕೂತವರು ಮೊದಲು ಮಾಡಿದ ಕೆಲಸ ತಟ್ಟೆಯನ್ನು ಮಗುಚಿ ಅಡಿಯನ್ನು ನೋಡಿದ್ದು. ನನಗೆ ಅಷ್ಟು ಸಾಕಾಯಿತು. ನಮ್ಮ ಹಳೆಯ ಸಪ್ಲೈಯರ್ ಗಲ್ಲಾದ ಪಕ್ಕ ಹಾದುಹೋಗುತ್ತ ತುಟಿ ಅಲ್ಲಾಡಿಸದೆ ಪಿಸುಗುಟ್ಟಿದ: “ಅಕ್ಕ, ಕಾಗೆ ಬಂತು.”

ಅವರು ಊಟ ಹೇಳಿದರು. ಎಲ್ಲವೂ ನಾನು ಎಣಿಸಿದ ಹಾಗೆಯೇ ನಡೆಯುತ್ತಿತ್ತು. ಉಪ್ಪು, ಉಪ್ಪಿನಕಾಯಿ, ಪಲ್ಯ ಒಂದೊಂದಾಗಿ ಬಂದವು. ಅಷ್ಟರಲ್ಲಿ ಕಚೇರಿಗಳು ಊಟಕ್ಕೆ ಬಿಟ್ಟವು. ಜನ ಬಾಗಿಲಿನ ಹೊರಗೂ ನಿಂತರು. ನಾನು ಒಂದು ಪಾರ್ಸೆಲಿನ ಚಿಲ್ಲರೆ ಕೊಟ್ಟು ತಲೆಯೆತ್ತಿ ನೋಡುತ್ತೇನೆ: ಸಪ್ಲೈಯರ್ ಹೆಗಲ ಮೇಲಿನ ವಸ್ತ್ರದಿಂದ ಬಿಳಿ ಮೇಜಿನ ಎದುರು ಕುರ್ಚಿಯನ್ನು ಒಂದು ಸಲ ಬಡಿದು ಒರೆಸಿದ, ಗದ್ದ ಮುಂದೆ ಮಾಡಿ ಕರೆದ. ಧಾರವಾಡದ ಗುಮಾಸ್ತರು ಹೋಗಿ ಕೂತರು. ಅವರ ಬೆನ್ನಿಗೆ ರೈಲ್ವೆಯವರಿಬ್ಬರು ಬಂದು, ಸ್ವಲ್ಪ ಸರಿಯಿರಿ ಎಂದು ಉಳಿದ ಎರಡು ಕುರ್ಚಿಗಳಲ್ಲಿ ಕೂತರು. ಕೋಟಿನವರು ಮೊಣಕೈ ಒಳಗೆ ಎಳೆದುಕೊಂಡರು.

ಸಪ್ಲೈಯರನನ್ನು ಕಣ್ಣಲ್ಲೇ ಕರೆದೆ. ಬಂದ. ಅವನಿಗೂ ಆಗಷ್ಟೇ ಅರಿವಾಗಿತ್ತು, ಮುಖ ಬಾಡಿತ್ತು. ಆಮೇಲೆ ನಿಧಾನವಾಗಿ ಅಂದ: “ಖಾಲಿ ಕುರ್ಚಿ ಕಂಡರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ, ಅಕ್ಕ.” ಊರಿನಲ್ಲಿ, ಮುಂಬಯಿಯಲ್ಲಿ, ಇಲ್ಲಿ, ತನ್ನ ಆಯುಷ್ಯದ ಬಹುಪಾಲು ಖಾಲಿ ಕುರ್ಚಿ ತುಂಬಿಸಿದ ಮನುಷ್ಯ. ಬೈದು ಏನು ಪ್ರಯೋಜನ? ಕೂತವರನ್ನು ಎಬ್ಬಿಸುವ ಹಾಗಿಲ್ಲ. ಊಟಕ್ಕೆ ಕೂತವರನ್ನು ಎಬ್ಬಿಸುವವರು ಹೋಟೆಲು ಇಡಬಾರದು.

ಅಲ್ಲಿಂದಾಚೆಗೆ ನಾನು ಗಲ್ಲಾದಲ್ಲಿ ಕೂತು ನೋಡುವುದಷ್ಟೇ ಆಯಿತು. ಗುಮಾಸ್ತರು ಎದುರಿನವರು ಯಾರೆಂದು ತಿಳಿಯದೆ, ಅಥವಾ ತಿಳಿದೂ ಲೆಕ್ಕಿಸದೆ, ತಮ್ಮ ಧಾರವಾಡದ ಹಿಂದಿಯಲ್ಲಿ ಊಟ ಕಲಿಸಲು ಹೊರಟಿದ್ದರು. ಚಮಚ ಬದಿಗಿಡಿ. ಮೊಸರಿಗೆ ಅವಸರ ಮಾಡಬೇಡಿ, ಅದು ಕೊನೆಗೆ. ಸಾರನ್ನು ಮೊದಲು ಹಾಗೇ ಕುಡಿದು ನೋಡಿ. ರೈಲ್ವೆಯವರಲ್ಲೊಬ್ಬರು ಸಾಂಬಾರಿನ ಬಟ್ಟಲನ್ನು ಅತ್ತ ದಾಟಿಸುವಾಗ ಬಿಳಿ ಬಟ್ಟೆಯ ಮೇಲೆ ಒಂದು ದೊಡ್ಡ ಕಲೆಯಾಯಿತು. ಇನ್ನೊಬ್ಬರು ಹೂವಿನಂತೆ ಮಡಚಿದ್ದ ಕರವಸ್ತ್ರ ಬಿಡಿಸಿ ಅದನ್ನು ಒರೆಸಿ ಇನ್ನಷ್ಟು ಹರಡಿದರು. ಒಳಗಿನಿಂದ ಕೆಮ್ಮು ಕೇಳಿತು. ಕೋಟಿನವರು ತಲೆಯೆತ್ತಿದರು. ಗುಮಾಸ್ತರು ಅಡಿಗೆಮನೆಯ ಕಡೆ ಕೈ ಮಾಡಿ ಏನೋ ಉದ್ದಕ್ಕೆ ವಿವರಿಸಿದರು. ಅದು ನನಗೆ ಕೇಳಲಿಲ್ಲ.

ಊಟ ಮುಗಿಸಿ ಅವರು ಗಲ್ಲಾಕ್ಕೆ ಬಂದು ದುಡ್ಡು ಕೊಟ್ಟರು. ನಾನು ಎದ್ದು ನಿಂತೆ. ಜಾಗದ ತೊಂದರೆಯಾಯಿತು ಎಂದು ಕೈಮುಗಿಯಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಅವರೇ ಮಾತಾಡಿದರು.

“ಈ ತಟ್ಟೆಯಲ್ಲಿ ನಾನು ಹಿಂದೆಯೂ ಉಂಡಿದ್ದೇನೆ. ಆಗ ಅದರಲ್ಲಿ ಇಷ್ಟು ಅನ್ನ ಇರುತ್ತಿರಲಿಲ್ಲ.”

ಹೊಗಳಿದರೋ ಚುಚ್ಚಿದರೋ ಗೊತ್ತಾಗಲಿಲ್ಲ. ಸೋಂಪು ತೆಗೆದುಕೊಂಡು ಹೋದರು.

ಫೆಬ್ರವರಿಯ ಕೊನೆಯಲ್ಲಿ ಪತ್ರಿಕೆಯಲ್ಲಿ ಹೆಸರುಗಳು ಬಂದವು. ಗುಮಾಸ್ತರು ತಿಂಡಿಯ ಹೊತ್ತಿಗೇ ಹಾಳೆ ಹಿಡಿದು ಬಂದರು. ಅವರು ತಮಾಷೆ ಮಾಡದೆ ಬಂದದ್ದು ನೋಡಿಯೇ ಅರ್ಥವಾಯಿತು. ಫಲಕಗಳೆಲ್ಲ ದೊಡ್ಡ ಹೋಟೆಲುಗಳಿಗೆ, ಒಂದು ಚೀನೀ ಊಟದ ಜಾಗಕ್ಕೆ, ಒಂದು ಕಬಾಬಿನವರಿಗೆ. ನಮ್ಮದು ಫಲಕವಿಲ್ಲದವರ ಪೈಕಿ, ಕೆಳಗೆ, ಸಣ್ಣ ಅಕ್ಷರದಲ್ಲಿ. ಗುಮಾಸ್ತರು ಅದನ್ನು ಕನ್ನಡಕ್ಕೆ ಮಾಡಿ ಹೇಳಿದರು. ಒಬ್ಬರೇ ಕೂತು ಉಣ್ಣಬೇಕೆನ್ನುವವರು ಅಲ್ಲಿಗೆ ಹೋಗಬೇಡಿ, ಊಟದ ನಡುವೆ ಮೇಜಿಗೆ ನೆಂಟರು ಹುಟ್ಟಿಕೊಳ್ಳುತ್ತಾರೆ ಎಂದು ಬರೆದಿದ್ದರಂತೆ. ಸಾರು ಬಹಳ ಚೆನ್ನಾಗಿದೆ. ಎದುರಿಗೆ ಕೂತ ನೆಂಟರೊಬ್ಬರು ಹೇಳಿದ್ದೂ ಅದರಲ್ಲಿತ್ತು: ಅಡಿಗೆಯವರಿಗೆ ಹೊಗೆ ಆಗುವುದಿಲ್ಲ, ಹಿತ್ತಿಲ ಬಾಗಿಲೊಂದು ತೆರೆದಿರುವುದರಿಂದ ಅವರು ಒಲೆಯ ಮುಂದೆ ನಿಂತಿದ್ದಾರೆ, ಆ ಬಾಗಿಲು ಮುಚ್ಚುವ ಮೊದಲು ಹೋಗಿ ಉಂಡು ಬನ್ನಿ.

ಗುಮಾಸ್ತರನ್ನು ನೋಡಿದೆ. ಅವರು ಕಾಫಿಯ ಲೋಟದಲ್ಲಿ ಮುಖ ಇಟ್ಟಿದ್ದರು. ಅವರ ಮೇಲೆ ನನಗೆ ನಿಜವಾಗಿ ಸಿಟ್ಟು ಬಂತು. ಎಷ್ಟೋ ತಿಂಗಳು ನಾನು ಹಲ್ಲು ಕಚ್ಚಿ ಮುಚ್ಚಿಟ್ಟಿದ್ದ ಮಾತು, ಈಗ ಅರ್ಧ ದೆಹಲಿಯ ಬೆಳಗಿನ ಚಹಾದ ಜೊತೆ ಓದಿಸಿಕೊಳ್ಳುತ್ತಿತ್ತು. ಇನ್ನು ಬೀಜಿಗೂ ತಿಳಿಯುತ್ತದೆ. ಫಲಕವೂ ಇಲ್ಲ, ಜೊತೆಗೆ, ಆ ಅಂಗಳ ನಮಗೆ ಎಷ್ಟು ಬೇಕು ಎಂಬುದೂ ಬಯಲು. ಇಷ್ಟು ಕೆಟ್ಟ ಜಾಗದಲ್ಲಿ ನಿಂತು ನಾನು ಎಂದೂ ಚೌಕಾಸಿ ಮಾಡಿರಲಿಲ್ಲ.

ಬೀಜಿ ಮರುದಿನವೇ ಬಂದರು. ಮುಂದಿನ ಬಾಗಿಲಿನಿಂದಲ್ಲ, ಅಂಗಳ ದಾಟಿ, ಹಿತ್ತಿಲ ಬಾಗಿಲಿನಿಂದ ನೇರ ಅಡಿಗೆಮನೆಗೆ. ಶಾಲೆಯಲ್ಲಿ ಕಲಿಸುವ ಅವರ ಸೊಸೆ ಹಾಳೆ ಓದಿ ಹೇಳಿದ್ದಳಂತೆ. ಸುದ್ದಿ ಕೇಳಿ ನಾನು ಗಲ್ಲಾ ಬಿಟ್ಟು ಒಳಗೆ ಓಡಿದೆ. ಯಜಮಾನರು ಕಾವಲಿಯ ಮೇಲೆ ದೋಸೆ ಹುಯ್ಯುತ್ತಿದ್ದರು. ಬೀಜಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ಒಲೆ ನೋಡಿದರು, ಮಸಿ ಹಿಡಿದ ಸೂರು ನೋಡಿದರು, ಬಾಗಿಲು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಚಳಿಗಾಲವೆಲ್ಲ ನನ್ನ ಮಂಚದ ಮೇಲೆ ಕೂತು ಮೂಲೆ ಮೂಲೆ ಅಂತ ತಲೆ ತಿಂದೆಯಲ್ಲ ಬೇಟಿ, ನಿನಗೆ ಬೇಕಾದದ್ದು ಮೂಲೆಯೋ ಬಾಗಿಲೋ?”

ನಾನು ಬಾಯಿ ತೆರೆದೆ. ಮೂಲೆಯೂ ಬೇಕು, ಆದರೆ ಬಾಗಿಲಿನ ವಿಚಾರ ಬೇರೆಯಾಗಿ ಮಾತಾಡೋಣ, ಮೊದಲು ನೀವು ಒಂದು ಕಾಫಿ ಕುಡಿಯಿರಿ ಎನ್ನುವುದಕ್ಕೆ ಹೊರಟಿದ್ದೆ. ಅಷ್ಟರಲ್ಲಿ ಯಜಮಾನರು ದೋಸೆ ಮಗುಚಿ ಹಾಕಿ, ತಮಗೆ ಬರುವ ನಾಲ್ಕು ಹಿಂದಿ ಮಾತಿನಲ್ಲಿ ಮುಗಿಸಿಬಿಟ್ಟರು:

“ಬೀಜಿ, ದರ್ವಾಜಾ ಚಾಹಿಯೇ. ಬಸ್.”

ಬಾಗಿಲು ಬೇಕು, ಅಷ್ಟೇ. ನಾನು ಕಣ್ಣು ಮುಚ್ಚಿಕೊಂಡೆ. ನುಗ್ಗೆಕಾಯಿಯ ಭಯ್ಯಾನ ಎದುರು ಮಾಡಿದ್ದನ್ನೇ ಮಾಡಿದ್ದರು.

ಬೀಜಿ ಬಾಗಿಲಿನವರೆಗೆ ಹೋಗಿ ಅಂಗಳದ ಅಗಲವನ್ನು ಕಣ್ಣಲ್ಲೇ ಅಳೆದರು. ಆಮೇಲೆ, ಮೂಲೆ ಅಂಗಡಿ ಮಿಠಾಯಿಯವನಿಗೇ ಕೊಡುತ್ತೇನೆ ಎಂದರು. ಆಡಿದ ಮಾತು ಆಡಿದ್ದು, ಫಲಕ ಬರಲಿಲ್ಲ. ಆದರೆ ಈ ಗೋಡೆಗೆ ಹೊಂದಿದ ಅಂಗಳದ ಪಟ್ಟಿ ಅವನಿಗೆ ಕೊಡುವುದಿಲ್ಲ, ತಗಡು ಇತ್ತ ದಾಟಕೂಡದು, ಬಾಗಿಲಿಗೆ ಯಾರೂ ಕೈ ಹಚ್ಚಕೂಡದು ಎಂದು ಅವನಿಗೆ ಮೊದಲೇ ಹೇಳಿಬಿಡುತ್ತೇನೆ. ಹೋಳಿಯ ಮೊದಲು ಹೇಳಿದರೆ ಒಪ್ಪುತ್ತಾನೆ, ಅವನಿಗೂ ಅವಸರವಿದೆ. ಇಷ್ಟು ಹೇಳಿ ಬೀಜಿ ನನ್ನ ಭುಜಕ್ಕೊಂದು ತಟ್ಟಿದರು. “ಶುರುವಿನಲ್ಲೇ ಹೇಳಿದ್ದರೆ ಬಟಾಣಿ ಸುಲಿಯುವಷ್ಟರಲ್ಲಿ ಮುಗಿಯುತ್ತಿತ್ತು. ವ್ಯಾಪಾರ ನಿನ್ನ ಗಂಡನ ಹತ್ತಿರ ಕಲಿ.”

ದೋಸೆ ತಿಂದು ಹೋಗಿ ಎಂದು ಯಜಮಾನರು ಕರೆದರು. ಬೀಜಿ ಹೊರಗೆ ಬಂದು ಬಿಳಿ ಮೇಜಿಗೇ ಕೂತರು. ಸಪ್ಲೈಯರ್ ನನ್ನ ಮುಖ ನೋಡಿದ. ಕೂರಿಸು ಎಂಬಂತೆ ನಾನು ಗದ್ದ ಅಲ್ಲಾಡಿಸಿದೆ. ಅವನು ಎದುರಿನ ಕುರ್ಚಿಗಳನ್ನು ವಸ್ತ್ರದಿಂದ ಬಡಿದು ಮೂರು ಜನರನ್ನು ಕೂರಿಸಿದ. ದೋಸೆ ಮುಗಿಯುವ ಮೊದಲೇ ಬೀಜಿ ಅವರಲ್ಲೊಬ್ಬನ ಸಂಬಳ, ಮದುವೆ, ಮನೆಯ ಬಾಡಿಗೆ ಎಲ್ಲ ವಿಚಾರಿಸಿಯಾಗಿತ್ತು.

ಜನ ಈ ಕತೆ ಕೇಳಿದ ಮೇಲೆ, ಹಾಗಾದರೆ ಬೇಕಾದದ್ದನ್ನು ಮೊದಲೇ ಹೇಳಿಬಿಡಬೇಕಲ್ಲವೇ ಎನ್ನುತ್ತಾರೆ. ಎಲ್ಲರ ಹತ್ತಿರವೂ ಅಲ್ಲ. ಐಎನ್‌ಎ ಮಾರ್ಕೆಟ್ಟಿನಲ್ಲಿ ಹಾಗೆ ಮಾಡಿ ನೋಡಿ, ಮನೆಗೆ ಹೋಗಲು ಬಸ್ಸಿನ ದುಡ್ಡೂ ಉಳಿಯುವುದಿಲ್ಲ. ನಾನು ಹೇಳುವುದು ಇಷ್ಟು: ಎದುರಿನವರು ಮಾರುವವರೋ, ಬರೀ ಒಡೆಯರೋ, ಅದನ್ನು ಮೊದಲು ನೋಡಿಕೊಳ್ಳಿ. ಮಾರುವವನಿಗೆ ನಿಮ್ಮ ಅಗತ್ಯ ತಿಳಿಯಬಾರದು. ಒಡೆಯರಿಗೆ ತಿಳಿಯದಿದ್ದರೆ ಅವರು ಕೊಡುವುದಾದರೂ ಏನನ್ನು?

ಮಿಠಾಯಿಯವನು ಬಂದ. ಜಿಲೇಬಿ ಒಳ್ಳೆಯದೇ ಮಾಡುತ್ತಿದ್ದ. ಬಾಗಿಲು ತೆರೆದೇ ಇತ್ತು, ಕೆಮ್ಮು ಪೂರಾ ಹೋಗದಿದ್ದರೂ ಗಲ್ಲಾದವರೆಗೆ ಕೇಳುವುದು ನಿಂತಿತು. ಗಲ್ಲಾದ ಹಿಂದಿನ ಮೊಳೆಗೆ ಪಂಚಾಂಗದ ಕ್ಯಾಲೆಂಡರು ತೂಗಿತು. ನವಿಲಿನ ತಟ್ಟೆಗಳು ಒಂದೊಂದಾಗಿ ಒಡೆದು ಹೋದವು.

ಮೇಜುಬಟ್ಟೆಗಳ ಸಾಂಬಾರಿನ ಕಲೆ ಎಷ್ಟು ಒಗೆದರೂ ಹೋಗಲಿಲ್ಲ. ಕಲೆಯಿದ್ದ ಕಡೆ ಬಿಟ್ಟು ಉಳಿದದ್ದನ್ನು ಚೌಕ ಚೌಕವಾಗಿ ಕತ್ತರಿಸಿ, ಇಡ್ಲಿ ಹುಯ್ಯಲು ತಟ್ಟೆಯ ಮೇಲೆ ಹಾಸುವ ಬಟ್ಟೆ ಮಾಡಿದೆ. ದಪ್ಪ ನೂಲು, ನೀರು ಹಿಡಿದು ನಿಲ್ಲುತ್ತಿತ್ತು. ಇಡ್ಲಿ ಒಂದು ಚೂರೂ ಅಂಟದೆ ಎದ್ದುಬರುತ್ತಿತ್ತು. ಯಜಮಾನರು ಹಿತ್ತಿಲ ಬಾಗಿಲ ಬೆಳಕಿಗೆ ಅದನ್ನು ಹಿಡಿದು, ಬೆರಳಲ್ಲಿ ಉಜ್ಜಿ ನೋಡಿದರು. ಬಟ್ಟೆ ಒಳ್ಳೆಯದುಂಟು ಮಾರಾಯ್ತಿ, ಎಷ್ಟು ಕೊಟ್ಟೆ ಎಂದರು. ನಮ್ಮ ಸಂಸಾರದಲ್ಲಿ ಅವರು ಒಂದು ಸಾಮಾನಿನ ಬೆಲೆ ಕೇಳಿದ್ದು ಅದೇ ಮೊದಲು.

ನಾನು ಕೊಟ್ಟದ್ದರ ಅರ್ಧ ಹೇಳಿದೆ.